ಅಳಿಸಲಾಗದ ಅತ್ತೆ

ನಮ್ಮ ಬೀದಿಯ ಮಹಿಳಾ ಸಂಘದವರು ನಮ್ಮನೆ ಹಾಲ್‌ನಲ್ಲಿ ಟೀ ಕುಡಿಯುತ್ತಿದ್ದರು. ಹಿನ್ನೆಲೆಯಲ್ಲಿ ಸಂಗೀತವಿದ್ದರೆ ನನ್ನ ಘನತೆ ಹೆಚ್ಚೀತೆಂದು ಅತ್ತೆಯ ಹಾಡಿನ ಡಬ್ಬಿ ಆನ್ ಮಾಡಿದೆ. (ಮೆಮೊರಿ ಕಾರ್ಡ್ ಹಾಕಿದರೆ ಹಾಡುವ, ಅಂಗೈಯಗಲದ ಯಂತ್ರ. ದಿನಾ ಬೆಳಿಗ್ಗೆ ಅದು ಶುರುವಾದರೆ ನಾನು ಅಡುಗೆಮನೆ ಬಾಗಿಲು ಹಾಕಿಕೊಳ್ಳುವವಳು.) ಒಂದು ಹಾಡು ಇಂಪಾಗಿ ಮುಗಿಯಿತು. ಆಮೇಲೆ ಗೊಗ್ಗರು ದನಿಯೊಂದು ಗುಡುಗಿತು: "ಟವೆಲ್ ಹಿಂಡಿದ್ಮೇಲೆ ಕೊಡವಬೇಕಮ್ಮಾ! ಹಾಗೇ ಒಣಗಿಸಿದ್ರೆ ಅದು ಟವೆಲ್ಲಾ, ರಟ್ಟಾ?"

ಸಂಘದ ಅಧ್ಯಕ್ಷೆ ಸೋಫಾದ ಮೇಲಿದ್ದ ಕಾಲನ್ನು ಗಡಬಡಿಸಿ ಕೆಳಗಿಳಿಸಿದರು. "ನಿಮ್ಮತ್ತೆ ಮಗಳ ಮನೆಗೆ ಹೋಗಿದಾರೆ ಅಂದ್ರಿ?"

ಅತ್ತೆ ಹೋಗಿದ್ದು ನಿಜ. ಗುಡುಗಿದ್ದು ನಾನು!

ಕಾನ್ವೆಂಟಿನಲ್ಲಿ ಹೆಡ್‌ಮಿಸ್ಟ್ರೆಸ್ ದನಿ ಅನುಕರಿಸಿ ಇಡೀ ಕ್ಲಾಸಿಗೆ ಅರ್ಧ ದಿನ ರಜೆ ಕೊಡಿಸಿದ ಕಲಾವಿದೆ ನಾನು. ತಂಗಿಯನ್ನು ನಗಿಸಲೆಂದು ಹೋದ ವರ್ಷ ಅತ್ತೆಯ ದನಿಯಲ್ಲೊಂದು ಸುದೀರ್ಘ ಉಪದೇಶಾಮೃತವನ್ನು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. "ಅಮ್ಮನಿಗೆ ಹಾಡು ತುಂಬಿಕೊಡ್ತೀನಿ" ಎಂದು ನಮ್ಮ ಯಜಮಾನರು ಆ ಫೋನಿನಲ್ಲಿದ್ದದ್ದನ್ನೆಲ್ಲ ಬಾಚಿ ಕಾರ್ಡಿಗೆ ಸುರಿದಿದ್ದರು.

ಸಂಘದವರು ಹೋದೊಡನೆ ಅವರನ್ನು ಹಿಡಿದೆ: "ಆರಿಸಿ ಹಾಕೋಕೆ ಏನಾಗಿತ್ತು ನಿಮಗೆ?"

"ಆರಿಸೋದ್ರಲ್ಲಿ ನಾನು ಯಾವತ್ತು ಹುಷಾರಿದ್ದೆ ಹೇಳು?" ಎಂದರು, ನನ್ನನ್ನೇ ನೋಡುತ್ತ.

ಅತ್ತೆ ಸಂಜೆ ವಾಪಸ್ ಬರುವವರು. ಇಷ್ಟು ದಿನ ಅದು ಅವರ ಕಿವಿಗೆ ಬಿದ್ದಿಲ್ಲ ಅನ್ನುವುದಕ್ಕೆ ನಾನಿನ್ನೂ ಈ ಮನೆಯಲ್ಲಿರುವುದೇ ಸಾಕ್ಷಿ. ಇವತ್ತು ಬಿದ್ದರೆ?

ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ನನ್ನ ಉಪದೇಶವನ್ನು ಅಳಿಸಿದೆ. ಹೋಯಿತು. ತೆಗೆದು ಮತ್ತೆ ಹಾಕಿದೆ. ಬಂದಿತ್ತು! ಹಾಡು ಹೋದರೂ ಹೋಗಲಿ, ಮಾನ ಉಳಿಯಲೆಂದು ಇಡೀ ಕಾರ್ಡನ್ನೇ ಫಾರ್ಮ್ಯಾಟ್ ಮಾಡಿದೆ. "ಕೆಲಸ ಯಶಸ್ವಿಯಾಗಿ ಮುಗಿದಿದೆ" ಎಂದಿತು ಕಂಪ್ಯೂಟರು. ತೆಗೆದು ಮತ್ತೆ ಸಿಕ್ಕಿಸಿದೆ. "ಟವೆಲ್ ಹಿಂಡಿದ್ಮೇಲೆ..."

ಎಷ್ಟು ಕೊಬ್ಬು! ಹೇಳಿದ್ದಕ್ಕೆಲ್ಲ 'ಆಯ್ತು' ಅನ್ನುವುದು, ಏನೂ ಮಾಡದಿರುವುದು. ಅಂಥ ಪ್ರಾಣಿ ಈ ಮನೆಯಲ್ಲಿ ಆಗಲೇ ಒಂದಿದೆಯಲ್ಲ, ಇನ್ನೊಂದು ಯಾಕೆ?

ಆ ಮೊದಲನೆಯದು ಅಂಗಿಯ ತೋಳು ಮಡಚಿಕೊಂಡು ಬಂದು ಕೂತಿತು. "ಕಾರ್ಡಿನ ಪಾರ್ಟಿಷನ್ ಕಿತ್ತು, ಒಳಗಿನ ಜಾಗ ಹೊಸದಾಗಿ ಪಾಲು ಮಾಡ್ಬೇಕು, ಸರಿ." ಕಾರ್ಡನ್ನು ಊದಿದರು, ಅಂಗಿಗೆ ಉಜ್ಜಿದರು, ಪಕ್ಕದ ಮನೆಯವರ ಲ್ಯಾಪ್‌ಟಾಪಿಗೂ ಹಾಕಿ ನೋಡಿದರು. ಪಾಲು ಮಾಡಲು ಸಾಧ್ಯವಿಲ್ಲ ಎಂದು ಅದೂ ಕೈ ಎತ್ತಿತು.

"ಅಮ್ಮನ ವಸ್ತು ನೋಡು, ಪಾಲಿಗೆ ಒಪ್ಪೋದೇ ಇಲ್ಲ," ಎಂದರು. ದನಿಯಲ್ಲಿ ಹೆಮ್ಮೆ ಬೇರೆ!

"ಅದಕ್ಕೇನು ರೋಗ ಅಂತ ಹೇಳ್ರೀ!"

"ವಯಸ್ಸಾಗಿದೆ ಕಣೇ. ಇನ್ಮೇಲೆ ಹೊಸದು ಕಲಿಯಲ್ಲ, ಹಳೇದು ಮರೆಯಲ್ಲ."

"ಅಂದ್ರೆ ಥೇಟ್ ನಿಮ್ಮಮ್ಮ."

"ಹೊಸ ಕಾರ್ಡ್ ತಂದು ಬರೀ ಹಾಡುಗಳನ್ನ ಅದಕ್ಕೆ ಹಾಕಿಬಿಟ್ರೆ ಆಯ್ತಪ್ಪ."

"ಇದನ್ನ ಮಧ್ಯಾಹ್ನವೇ ಬೊಗಳೋಕೆ ಏನಾಗಿತ್ತು?"

"ನೀನು ಅಳಿಸಿ ಅಂದೆ, ಅಳಿಸ್ತಿದ್ದೆ. ತಂದ್ಕೊಡಿ ಅಂದ್ಯಾ?"

ಅವರು ಒಂದು ಕಾಲಿಗೆ ಚಪ್ಪಲಿ ಹಾಕುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಅತ್ತೆ! ಬ್ಯಾಗು ಕೆಳಗಿಡುತ್ತಲೇ "ನನ್ನ ಡಬ್ಬಿ ಎಲ್ಲೋ?" ಎಂದರು. ನಾನು ಕಣ್ಸನ್ನೆ, ಕೈಸನ್ನೆ, ಕೊನೆಗೆ ಹುಬ್ಬಿನಲ್ಲೂ ಸನ್ನೆ ಮಾಡಿದೆ. ನನ್ನ ಗಂಡ ತನ್ನ ತಾಯಿಯ ಮಗನಾಗಿ ಮಾರ್ಪಟ್ಟು, ಕಾರ್ಡ್ ಸಿಕ್ಕಿಸಿ ಎರಡೂ ಕೈಯಲ್ಲಿ ಡಬ್ಬಿಯನ್ನು ಒಪ್ಪಿಸಿದರು.

ಹಾಡು ಮುಗಿಯಿತು. ಟವೆಲ್ ಶುರುವಾಯಿತು. ಟವೆಲ್ ಆದ ಮೇಲೆ ನಲ್ಲಿ ಬಿಗಿಯಾಗಿ ತಿರುಗಿಸದವರು, ನಲ್ಲಿಯಾದ ಮೇಲೆ ಮುಚ್ಚಳ ಹಾಕದ ಡಬ್ಬಗಳು. ಯಜಮಾನರು ಚಪ್ಪಲಿಯನ್ನೇ ದಿಟ್ಟಿಸುತ್ತಿದ್ದರು. ಅತ್ತೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಬೈಗುಳ ಬರುವುದಾದರೆ ಬೇಗ ಬರಲಿ ಎಂದು ನಾನೇ ಬಾಯಿಬಿಟ್ಟೆ.

"ಅತ್ತೆ... ಇದು ಯಾರ ದನಿ ಅಂತ ಗೊತ್ತಾಯ್ತಾ?"

"ಅದ್ರಲ್ಲಿ ಅವಳ ಹೆಸರು ಹೇಳಲ್ಲ ಕಣಮ್ಮ, ಯಾರೋ ಅನುಭವಸ್ಥಳು. ದನಿ ಮಾತ್ರ ಅಸಹ್ಯ, ಪಾಪ. ಆದ್ರೆ ಒಂದೊಂದು ಮಾತೂ ಅಪ್ಪಟ ಚಿನ್ನ! ನಿನ್ನ ಕಿವಿಗೂ ಬೀಳ್ಲಿ ಅಂತ ದಿನಾ ಬೆಳಿಗ್ಗೆ ಜೋರಾಗಿ ಇಡ್ತೀನಿ. ನೀನು ನೋಡಿದ್ರೆ ಅಡುಗೆಮನೆ ಬಾಗಿಲು ಹಾಕ್ಕೋತೀಯ."