ಗೇಟು ಹಾಕಿದಾಗಿನ ಇಂಗ್ಲಿಷು

ಹೊಸಪೇಟೆಯಲ್ಲಿ ರೈಲ್ವೆ ಗೇಟು ಹಾಕಿದರೆ ಸಂತೋಷಪಡುವ ಜೀವ ಒಂದೇ ಒಂದು: ನಮ್ಮ ಸೋದರತ್ತೆ! ಸಂಡೂರಿನ ಅದಿರು ಹೊತ್ತ ಗೂಡ್ಸ್ ಬಂತೆಂದರೆ ಊರೆಲ್ಲ ಶಪಿಸುತ್ತದೆ. ಅತ್ತೆ ಮಾತ್ರ ಮೊಣಕಾಲು ನೋವನ್ನೂ ಮರೆತು, ಸೆರಗು ಸಿಕ್ಕಿಸಿಕೊಂಡು ನನ್ನ ಕಾರಿನಿಂದ ಇಳಿಯುತ್ತಾರೆ. ಪಾಠ ಶುರು!

ಪಾಠವೆಂದರೆ ಒಂದೇ ಇಂಗ್ಲಿಷ್ ಪದ: ‘ಮೀನ್‌ವೈಲ್’.

“ಗೂಡ್ಸ್ ಹೊಂಟೈತಿ. ಮೀನ್‌ವೈಲ್ ನೀವೇನು ಮಾಡಾಕತ್ತೀರಿ?” ಎಂದು ಒಮ್ಮೆ ಲಾರಿ ಡ್ರೈವರೊಬ್ಬನನ್ನು ಹಿಡಿದುಕೊಂಡರು.

“ಏನಿಲ್ಲಮ್ಮ, ಸುಮ್ನ ನಿಂತೀನಿ.”

“ಹಂಗಂದ್ರ ಪದ ದಂಡ ಆತು! ಅತ್ತ ಒಂದು ಕೆಲಸ ನಡದಾಗ, ಅಷ್ಟ್ರಾಗ ಇತ್ತ ಇನ್ನೊಂದು ನಡೀಬೇಕು. ಅದಕ್ಕ ಮೀನ್‌ವೈಲ್ ಅಂತಾರ. ಏನಾರ ಮಾಡ್ರಿ!”

ಪಾಪ, ಆತ ಗಾಬರಿಯಾಗಿ ಲಾರಿಯ ಗಾಜು ಒರೆಸತೊಡಗಿದ. ಗಾಜು ಒರೆಸಲಿಲ್ಲ, ಟೈರಿಗೆ ಒದ್ದ ಎಂಬುದು ಅತ್ತೆಯ ವಾದ. ಇರಬಹುದು. ನನ್ನ ನೆನಪಿನಲ್ಲಿ ಆ ಗಾಜು ವಿಪರೀತ ಹೊಳೆಯುತ್ತದೆ. ಅದಕ್ಕೇ ನನಗೂ ಅನುಮಾನ!

ಇಷ್ಟಕ್ಕೂ ನಿಜವಾದ ವಿದ್ಯಾರ್ಥಿ ಡ್ರೈವರಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕೂತಿರುವ ಅತ್ತೆಯ ಗಂಡ, ನಮ್ಮ ಮಾವ. ಹಂಪಿಯಲ್ಲಿ ಗೈಡ್ ಆಗಿದ್ದವರು. ಪ್ರವಾಸಿಗರು ಫೋಟೊ ತೆಗೆಯುತ್ತ ನಿಂತರೆ “ಮೀನ್‌ವೈಲ್...” ಎಂದು ಮುಂದಿನ ಕಥೆಗೆ ಹಾರುತ್ತಿದ್ದರು. ಲಕ್ವ ಹೊಡೆದ ಮೇಲೆ ಇಂಗ್ಲಿಷೂ ಹೋಯಿತು, ಕನ್ನಡವೂ ಹೋಯಿತು. ಮಾತು ಕಿವಿಗೆ ಬೀಳುತ್ತಿರಲಿ, ಮರಳಿ ಬಂದರೂ ಬರಬಹುದು ಎಂದಿದ್ದರು ಡಾಕ್ಟರು. ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಈ ಗೇಟು.

“ಮಾವಗ ನೇರ ಕಲಿಸಬಾರದಾ ಅತ್ತಿ?”

“ಗೈಡಿಗೆ ನಾ ಇಂಗ್ಲಿಷ್ ಕಲಿಸಾಕ ಹೋದ್ರ ಮಾರಿ ತಿರುವ್ತಾರಲೇ! ಮಂದಿಗೆ ಕಲಿಸಿದ್ರ, ಇಕಿ ಎಲ್ಲಿ ತಪ್ತಾಳ ಅಂತ ಕಿವಿ ಕೊಡ್ತಾರ.”

ಎಂಥ ಉಪಾಯ! ಮಾವ ಕಿವಿ ಕೊಟ್ಟರೋ ಇಲ್ಲವೋ, ಗೇಟಿನಲ್ಲಿ ನಿಂತವರೆಲ್ಲ ಕೊಟ್ಟರು. ಒಂದು ದಿನ ಕಂಪ್ಲಿಯ ಮದುವೆ ಟೆಂಪೊ ಸಿಕ್ಕಿಬಿತ್ತು. ಅತ್ತೆ ಅದರಲ್ಲಿದ್ದವರಿಗೂ ಪಾಠ ಹೇಳಿದರು. ಬಾಸಿಂಗ ಕಟ್ಟಿದ ಮದುಮಗ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: “ಗೇಟ್ ತಗಸ್ರೀ! ಮೀನ್‌ವೈಲ್ ಹುಡುಗಿ ಮನಸು ಬದಲಾದ್ರ ಏನ್ ಮಾಡ್ಲಿ?”

“ಭೇಷ್! ಫುಲ್ ಮಾರ್ಕ್ಸ್!” ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಮಾವ ನಕ್ಕರು ಎಂದು ಅವತ್ತೆಲ್ಲ ಸಾಧಿಸಿದರು. ನಾನು ಕನ್ನಡಿಯಲ್ಲಿ ನೋಡಿದ್ದೆ. ನಕ್ಕಿರಲಿಲ್ಲ. ಆದರೂ ಹೂಂ ಅಂದೆ.

ಮೊನ್ನೆ ಗೂಡ್ಸ್ ದಾಟಿ ಗೇಟು ಎದ್ದಿತ್ತು. ಎಲ್ಲರದೂ ಹಾರ್ನು. ಅತ್ತೆ ಇನ್ನೂ ರಸ್ತೆಯಲ್ಲೇ ಯಾರಿಗೋ ವಾಕ್ಯ ತಿದ್ದುತ್ತಿದ್ದರು. ನನ್ನ ಬೆನ್ನ ಹಿಂದೆ ಸದ್ದು: “ಮೀ...”

ಅತ್ತೆ ತಟ್ಟನೆ ಕಾರಿನತ್ತ ತಿರುಗಿ, ಎಲ್ಲರಿಗೂ ತಡೀರಿ ಎಂಬಂತೆ ಕೈ ಎತ್ತಿದರು. ಪಕ್ಕದ ಲಾರಿಯವನು ಇಂಜಿನ್ ಆರಿಸಿದ. ಅವನ ಹಿಂದಿನವನೂ ಆರಿಸಿದ. ತೆರೆದ ಗೇಟಿನ ಮುಂದೆ ಇಡೀ ಸಾಲು ನಿಂತೇ ಇತ್ತು! ಇಡೀ ಸಾಲೋ, ನಾಲ್ಕೇ ಗಾಡಿಗಳೋ, ಆಣೆ ಮಾಡಿ ಹೇಳಲಾರೆ.

“ಮೀನ್... ವೈಲ್...”

ಅತ್ತೆ ಕಿಟಕಿಗೆ ಬಂದರು. ಆದರೂ ಮೇಷ್ಟರಗಿತ್ತಿ ಬಿಟ್ಟಾರೆಯೇ? “ಬರೇ ಮೀನ್‌ವೈಲ್ ಅಂದ್ರ ಆಗಲ್ರಿ. ಮುಂದ ಕೆಲಸ ಹೇಳ್ರಿ.”

ಮಾವ ಕಷ್ಟಪಟ್ಟು ಸೀಟಿನಲ್ಲಿ ಒಂದಿಷ್ಟು ಸರಿದು ಜಾಗ ಮಾಡಿದರು.

“ನೀ... ಕುಂದ್ರು.”