ಕೈಯಲ್ಲಿ ವಾಚು, ಹೆಗಲ ಮೇಲೆ ಮಗಳು

ಅಳೆಯೋದೇ ಕಸುಬಾದವನ ಮನೆಯಲ್ಲಿ ನಗುವಿಗೆ ಬರ ಅನ್ನೋದೇ ಇರಲ್ಲ, ವಾರಕ್ಕೊಂದು ಏನಾದರೂ ನಡೀತಾನೇ ಇರುತ್ತೆ. ನಾನು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಪಂಪಿನ ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ವಾಪಸ್ ಕಳಿಸೋದು ನನ್ನ ಕೆಲಸ. ನನ್ನ ಹೊಟ್ಟೆಯನ್ನು ಮಾತ್ರ ಯಾವತ್ತೂ ಅಳತೆ ಮಾಡಿರಲಿಲ್ಲ.

ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ಬಾಣಂತಿಗೆ ಅಂತ ಕಟ್ಟಿದ ಅಂಟಿನುಂಡೆಯಲ್ಲಿ ಅರ್ಧಕ್ಕರ್ಧ ನನ್ನ ಹೊಟ್ಟೆ ಸೇರಿತ್ತು. ನನ್ನ ರಕ್ತ ಪರೀಕ್ಷೆ ನೋಡಿದ ಡಾಕ್ಟರಮ್ಮ, "ಸಕ್ಕರೆ ಗಡಿ ಮೇಲೆ ನಿಂತಿದೆ. ಮೂರು ತಿಂಗಳು ಟೈಮ್ ಕೊಡ್ತೀನಿ. ತೂಕ ಇಳಿಸಿ, ಇಲ್ಲಾಂದ್ರೆ ಮಾತ್ರೆ ಶುರು ಮಾಡೋಣ" ಅಂದರು. ನಮ್ಮಪ್ಪನಿಗೂ ಸಕ್ಕರೆ ಇತ್ತು. ಅವರು ನನ್ನ ಹಿಂದೆ ಓಡಿ ಆಟ ಆಡಿದ್ದು ನನಗೆ ನೆನಪೇ ಇಲ್ಲ. ನನ್ನ ಮಗಳಿಗೆ ಹಾಗಾಗಬಾರದು ಅಂತ ಅವತ್ತೇ ಹೆಜ್ಜೆ ಎಣಿಸೋ ವಾಚು ತಂದು ಕಟ್ಟಿದೆ.

ತೊಟ್ಟಿಲ ಪ್ರಯಾಣ

ಮೊದಲ ಭಾನುವಾರ ಸಂಜೆಗೇ ವಾಚು ಗುಂಯ್ ಅಂತು. ಏಳು ಸಾವಿರ ಹೆಜ್ಜೆ! ಕೈ ಚಾಚಿ ಹೆಂಡತಿಗೆ ತೋರಿಸಿದೆ.

"ಎಲ್ಲಿ ನಡೆದ್ರಿ? ಮಧ್ಯಾಹ್ನದಿಂದ ಕುರ್ಚಿ ಬಿಟ್ಟು ಎದ್ದೇ ಇಲ್ವಲ್ಲ?"

ನನಗೂ ಆಶ್ಚರ್ಯ. ಆಮೇಲೆ ನೋಡಿದರೆ, ವಾಚು ಕಟ್ಟಿದ್ದ ಕೈಯಲ್ಲೇ ಮಧ್ಯಾಹ್ನವಿಡೀ ತೊಟ್ಟಿಲು ತೂಗಿದ್ದೆ. ಹೆಂಡತಿ ತೊಟ್ಟಿಲಲ್ಲಿ ಮಲಗಿದ್ದ ಮಗಳನ್ನು ತೋರಿಸಿ ಹೇಳಿದಳು:

"ಅಷ್ಟು ದೂರ ಹೋಗಿ ಬಂದಿರೋಳು ಇವಳು ಕಣ್ರೀ. ನೋಡಿ, ಎಷ್ಟು ಸುಸ್ತಾಗಿ ಮಲಗಿದಾಳೆ!"

ಕಾರ್ಖಾನೆಯಲ್ಲಿ ಹುಡುಕಾಟ

ಕೂತಲ್ಲಿ ಎಣಿಸೋ ವಾಚನ್ನು ನಂಬಿದರೆ ಆಗಲ್ಲ, ನಿಜವಾಗಿ ನಡೀಬೇಕು ಅಂತ ಊಟದ ಬಿಡುವಿನಲ್ಲಿ ಶೆಡ್ ಸುತ್ತೋಕೆ ಶುರು ಮಾಡಿದೆ. ತಲೆ ಬಗ್ಗಿಸಿ, ಕಣ್ಣು ವಾಚಿನ ಮೇಲೆ ನೆಟ್ಟು, ಒಂದೇ ಸಮ ಸುತ್ತು. ನಮ್ಮ ಲೇತ್ ಮಷೀನ್ ಆಪರೇಟರ್ ಬಾಗಲಕೋಟೆ ಕಡೆಯವನು, ಬಲು ಸಹಾಯದ ಮನುಷ್ಯ. "ಯಾಕ್ರೀ ಸರ, ಏನರ ಕಳದೈತೇನ್ರಿ?" ಅಂದ. ನಿಂತರೆ ಲೆಕ್ಕ ಕೆಡುತ್ತೆ ಅಂತ ನಾನು ಸುಮ್ಮನೆ ಕೈ ಆಡಿಸಿ ಮುಂದೆ ಹೋದೆ.

ಮತ್ತೊಂದು ಸುತ್ತು ಮುಗಿಸಿ ಬರೋ ಹೊತ್ತಿಗೆ ಅವನು ಲೇತಿನ ಕೆಳಗೆ ತೂರಿದ್ದ. ಇನ್ನಿಬ್ಬರು ಕಬ್ಬಿಣದ ಚೂರಿನ ರಾಶಿ ಕೆದರುತ್ತಿದ್ದರು. ಮಾಲೀಕರು ಟಾರ್ಚ್ ಹಿಡಿದು ಮೂಲೆ ಮೂಲೆ ನೋಡುತ್ತಿದ್ದರು.

"ಇಲ್ಲೆಲ್ಲೂ ಇಲ್ರಿ ಸರ! ಏನ್ ಕಳದೈತಿ ಅಂತರ ಹೇಳ್ರಿ!"

"ಏನೂ ಕಳೆದಿಲ್ಲಪ್ಪ. ಹೊಟ್ಟೆ ಕಳ್ಕೊಳ್ಳೋಣ ಅಂತ ನಡೀತಿದ್ದೀನಿ."

ಅವನು ಮೊಣಕಾಲಿನ ಧೂಳು ಕೊಡವಿಕೊಂಡು ಎದ್ದು, ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದ: "ಅದು ಎಲ್ಲಿ ಹೋಗೈತ್ರಿ ಸರ? ಇಟ್ಟಲ್ಲೇ ಐತಿ!"

ಅತ್ತೆಯ ಹೆಜ್ಜೆ

ಒಂದು ಭಾನುವಾರ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ವಾಚು ಬಿಚ್ಚಿ ಕಿಟಕಿಯಲ್ಲಿಟ್ಟು ಮರೆತೆ. ಬಾಣಂತನಕ್ಕೆ ಆನೇಕಲ್‌ನಿಂದ ಬಂದಿದ್ದ ಅತ್ತೆ, ಬಿದ್ದು ಗಿದ್ದು ಹೋದೀತು ಅಂತ ತಮ್ಮ ಕೈಗೆ ಕಟ್ಟಿಕೊಂಡರು. ಸಂಜೆ ಇಸಕೊಂಡು ನೋಡ್ತೀನಿ, ಹದಿಮೂರು ಸಾವಿರ!

"ಅತ್ತೆ, ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೋಗ್ಲಪ್ಪ? ಒಲೆ ತಾವಿಂದ ತೊಟ್ಟಿಲ ತಾವ್ಕೆ, ತೊಟ್ಟಿಲಿಂದ ಬಚ್ಚಲಿಗೆ. ಇಂಗೇ ಓಡಾಡ್ಕಂಡಿದ್ದೆ."

ಬೆವರು ಸುರಿಸಿ ನಾನು ಮುಟ್ಟಿದ್ದ ದಾಖಲೆ ಎಂಟು ಸಾವಿರ. ನಾಚಿಕೆಯಾಯ್ತು. ಮಾರನೇ ದಿನದಿಂದ ಮಗಳ ಬಟ್ಟೆ ಒಗೆಯೋದು, ಮಹಡಿ ಮೇಲೆ ಒಣಹಾಕೋದು, ಕಾರ್ಖಾನೆಗೆ ಹೊರಡೋ ಮುಂಚೆ ಅವಳನ್ನು ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ನಾಲ್ಕು ಸುತ್ತು ಬರೋದು, ಎಲ್ಲಾ ನನ್ನದಾಯ್ತು. ತಿಂಗಳಲ್ಲಿ ಬೆಲ್ಟು ಒಂದು ತೂತು ಒಳಗೆ ಹೋಯ್ತು. ಹೆಂಡತಿಗೆ ಮಧ್ಯಾಹ್ನದ ನಿದ್ದೆ ಸಿಕ್ಕಿತು. ಅತ್ತೆ ಮಾತ್ರ ಒಂದು ದಿನ ಬಕೆಟ್ಟು ಹಿಡಿದು ನನ್ನ ದಾರಿಗೆ ಅಡ್ಡ ನಿಂತರು:

"ಅಳಿಯಂದ್ರೇ, ನಿಮ್ ಸಕ್ಕರೆ ಇಳೀಲಿ ಅಂತ ನನ್ ಕೆಲ್ಸ ಎಲ್ಲಾ ಕಿತ್ಕಂಡ್ರೆ, ನಂಗೆ ಸಕ್ಕರೆ ಬರಕಿಲ್ವಾ?"

ಡಾಕ್ಟರಮ್ಮ ಓದಿದ ಪುಸ್ತಕ

ಮೂರು ತಿಂಗಳು ತುಂಬಿತು. ಹೊಸ ರಕ್ತ ಪರೀಕ್ಷೆಯ ಮುಚ್ಚಿದ ಲಕೋಟೆ ಹಿಡಿದು ನಾನು, ಹೆಂಡತಿ, ಮಗಳು ಮೂವರೂ ಕ್ಲಿನಿಕ್ಕಿಗೆ ಹೋದೆವು. ಜೊತೆಗೆ ದಿನಾ ಲೆಕ್ಕ ಬರೆದಿಡುತ್ತಿದ್ದ ನನ್ನ ಟಿಪ್ಪಣಿ ಪುಸ್ತಕವನ್ನೂ ಒಯ್ದಿದ್ದೆ. ಅದರಲ್ಲಿ ಮುಂದಿನಿಂದ ನನ್ನ ಊಟ, ಹೆಜ್ಜೆಯ ವಿವರ, ಹಿಂದಿನಿಂದ ಮಗಳ ದಿನಚರಿ. "ಎಲ್ಲಾ ಬರೆದಿದ್ದೀನಿ ಮೇಡಂ" ಅಂತ ಹೆಮ್ಮೆಯಿಂದ ಅವರ ಕೈಗಿಟ್ಟು, ತೂಕದ ಯಂತ್ರ ಹತ್ತಿದೆ. ಅವರು ಪುಸ್ತಕವನ್ನು ಹಿಂದಿನಿಂದ ತೆರೆದರು ಅನ್ನೋದು ನನಗೆ ಕಾಣಲಿಲ್ಲ.

"ದಿನಕ್ಕೆ ಒಂಬತ್ತು ಸಲ ಹಾಲು? ಬೇರೇನೂ ತಿನ್ನಲ್ವಾ?"

ನಾನು ಆಗಾಗ ಕುಡಿಯೋ ಕಾಫಿಯಲ್ಲಿರೋ ಹಾಲನ್ನೇ ಕೇಳ್ತಿದ್ದಾರೆ ಅಂದುಕೊಂಡು, "ಕಮ್ಮಿ ಮಾಡ್ತೀನಿ ಮೇಡಂ" ಅಂದೆ.

"ಮೂತ್ರ ಹತ್ತು ಸಲ..." ಅವರ ಹುಬ್ಬು ಮೇಲೇರಿತು. ಮುಂದಿನದನ್ನು ದನಿ ತಗ್ಗಿಸಿ ಓದಿದರು: "ನಾಲ್ಕು ಸಲ ಜೋರಾಗಿ ಅತ್ತದ್ದು, ಕಾರಣ ಗೊತ್ತಾಗಲಿಲ್ಲ." ಕನ್ನಡಕ ತೆಗೆದು ನನ್ನನ್ನೇ ನೋಡುತ್ತಾ, "ಮನೇಲಿ ಏನಾದ್ರೂ ತೊಂದ್ರೆ ಇದ್ಯಾ? ಸಂಕೋಚ ಬೇಡ, ಹೇಳಿ" ಅಂದರು.

ನಾನು ಹೆಂಡತಿಯ ಮುಖ ನೋಡಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಡಾಕ್ಟರಮ್ಮ ಪುಟ ತಿರುಗಿಸಿದರು.

"ಇವತ್ತು ಮೊದಲ ಸಲ ಬೋರಲು ಬಿದ್ದದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಒಬ್ಬಟ್ಟು ಮಾಡಿ ಬೀದಿಗೆಲ್ಲಾ ಹಂಚಿದರು." ಪುಸ್ತಕ ಮಡಚಿ ನನ್ನ ಹೆಂಡತಿ ಕಡೆ ತಿರುಗಿ ಗದರಿದರು: "ಏನಮ್ಮಾ ಇದು? ಗಂಡ ಬೋರಲು ಬಿದ್ರೆ ಒಬ್ಬಟ್ಟು ಹಂಚ್ತೀರಾ?"

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಮಗಳನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದಳು. ಮಗಳು ಒಂದು ಸಲ ಕಾಲೆತ್ತಿ, ಡಾಕ್ಟರಮ್ಮನ ಎದುರಿಗೇ ಠೀವಿಯಿಂದ ಬೋರಲು ಬಿದ್ದಳು. ಅರ್ಥವಾದ ಮೇಲೆ ಡಾಕ್ಟರಮ್ಮ ನಕ್ಕ ನಗುವಿಗೆ ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು.

ಕಣ್ಣೊರೆಸಿಕೊಂಡು ಲಕೋಟೆ ಒಡೆದರು. "ಸಕ್ಕರೆ ಗಡಿಯಿಂದ ಈಚೆ ಬಂದಿದೆ. ತೂಕ ಐದು ಕೆಜಿ ಇಳಿದಿದೆ. ಮಾತ್ರೆ ಬೇಡ, ಹೀಗೇ ನಡೀರಿ."

ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟುತ್ತಿದ್ದೆವು. ಹಿಂದಿನಿಂದ ಡಾಕ್ಟರಮ್ಮ ಕೂಗಿದರು:

"ಏನಮ್ಮಾ, ಮಗು ಅಂಬೆಗಾಲಿಟ್ಟಾಗಲೂ ಒಬ್ಬಟ್ಟು ಮಾಡ್ತೀರಾ? ಹಾಗಿದ್ರೆ ನಿಮ್ಮ ಯಜಮಾನ್ರ ಪಾಲು ಇಲ್ಲಿಗೆ ಕಳಿಸಿಬಿಡಿ!"