ಒಂಟೆಯ ಹೆಸರು ಯಾರೂ ಹೇಳಬಾರದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಈವರೆಗೆ ಬರೆದದ್ದು ಪಾಠದ ಟಿಪ್ಪಣಿ ಮತ್ತು ರಜೆ ಅರ್ಜಿ ಮಾತ್ರ. ಹಾಸ್ಯ ಇದೇ ಮೊದಲು. ಸ್ಟಾಫ್ ರೂಮಿನಲ್ಲಿ ಈ ಪ್ರಸಂಗಗಳನ್ನು ಹೇಳಿದಾಗ ಎಲ್ಲರೂ ನಕ್ಕಿದ್ದರು. ಆದರೆ ಆಗ ಚಹಾ ಇತ್ತು, ನಾನು ಕೈಕಾಲು ಆಡಿಸಿ ಹೇಳುತ್ತಿದ್ದೆ. ಬರವಣಿಗೆಯಲ್ಲಿ ಕೈಕಾಲು ಆಡಿಸಲು ಬರುವುದಿಲ್ಲ. ಅದಕ್ಕೇ ಎಲ್ಲವನ್ನೂ ಬಿಡಿಸಿ ಹೇಳುತ್ತ ಹೋಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕಲಿಸುವವರು ಇರುವ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ಕಲಿಸಲು ಕಲಿಯುತ್ತಿರುವವರು ಇದ್ದರಂತೂ ದಿನಕ್ಕೊಂದು. ನಾನು ತೊಂಬತ್ತರ ದಶಕದ ಕೊನೆಗೆ ಪುಣೆಯಲ್ಲಿ ಬಿ.ಎಡ್. ಮಾಡಿದೆ. ಬಿ.ಎಡ್. ಅಂದರೆ ಮಾಸ್ತರನಾಗುವ ಮೊದಲು ಬೇರೆ ಶಾಲೆಯ ಮಕ್ಕಳ ಮೇಲೆ ಕೈ ಪಳಗಿಸಿಕೊಳ್ಳುವ ಕೋರ್ಸು. ನನ್ನ ವಿಷಯ ಇಂಗ್ಲಿಷ್. ಪಾಸಾದರೆ ಇಂಗ್ಲಿಷ್ ಮಾಸ್ತರನ ಜಾಗ ಕೊಡುತ್ತೇವೆ ಎಂದು ಒಂದು ಶಾಲೆಯವರು ಹೇಳಿದ್ದರು. ನಮ್ಮವ್ವ ‘ಪಾಸಾದರೆ’ ಅನ್ನುವುದನ್ನು ಬಿಟ್ಟು, ಉಳಿದದ್ದನ್ನು ನಾವಿದ್ದ ಚಾಳಿನ ಎಲ್ಲ ಮನೆಗಳಿಗೂ ಹೇಳಿ ಪೇಢೆ ಹಂಚಿದ್ದಳು. ಆದ್ದರಿಂದ ಫೇಲಾಗುವ ದಾರಿ ನನಗೆ ಉಳಿದಿರಲಿಲ್ಲ.

ಹವಾಲ್ದಾರರು ತುಂಟ ಹುಡುಗನಾದದ್ದು

ನಿಜವಾದ ಮಕ್ಕಳ ಮುಂದೆ ಬಿಡುವ ಮೊದಲು ನಮ್ಮನ್ನು ಸುಳ್ಳು ಮಕ್ಕಳ ಮುಂದೆ ಬಿಡುತ್ತಿದ್ದರು. ಅಂದರೆ ನಾವು ಬಿ.ಎಡ್. ಕಲಿಯುವವರೇ ಬೆಂಚಿನ ಮೇಲೆ ಆರನೇ ಈಯತ್ತೆಯ ಮಕ್ಕಳಂತೆ ಕೂರಬೇಕು, ಒಬ್ಬರು ಪಾಠ ಮಾಡಬೇಕು. ನೀನು ಜಾಣೆ, ನೀನು ದಡ್ಡ, ನೀನು ತುಂಟ ಎಂದು ನಮಗೆ ಕಲಿಸುವ ಮೇಡಂ ಮೊದಲೇ ಪಾತ್ರ ಹಂಚುತ್ತಿದ್ದರು.

ನನ್ನ ಸರದಿ ಬಂದ ದಿನ ತುಂಟ ಹುಡುಗನ ಪಾತ್ರ ಖಡಕಿಯ ಒಬ್ಬ ಹವಾಲ್ದಾರರಿಗೆ ಬಂತು. ಸೈನ್ಯದಿಂದ ನಿವೃತ್ತರಾಗಿ, ಮಾಸ್ತರಾಗಬೇಕೆಂದು ನಮ್ಮ ಜೊತೆ ಬಿ.ಎಡ್.ಗೆ ಸೇರಿದವರು. ತಲೆ ಅರ್ಧ ಬೆಳ್ಳಗೆ, ಮೀಸೆ ಪೂರ್ತಿ ಕಪ್ಪು. ಆಜ್ಞೆ ಮೀರಿದ ಚರಿತ್ರೆಯೇ ಇಲ್ಲದ ಮನುಷ್ಯ. ತುಂಟತನ ಮಾಡು ಎಂದು ಆಜ್ಞೆ ಆದ ಮೇಲೆ ಕೇಳಬೇಕೆ! ನಾನು ‘ಗುಡ್ ಮಾರ್ನಿಂಗ್’ ಅನ್ನುವಷ್ಟರಲ್ಲಿ ಡಬ್ಬಿ ಬಿಚ್ಚಿ ಪೋಹೆ ತಿನ್ನತೊಡಗಿದರು. ಬೋರ್ಡಿಗೆ ತಿರುಗಿದರೆ ಸೀಟಿ. ಈ ಕಡೆ ತಿರುಗಿದರೆ, ಮುಂದೆ ಕೂತ, ಮನೆಯಲ್ಲಿ ಇಬ್ಬರು ಮಕ್ಕಳಿರುವ ಸಹಪಾಠಿಯೊಬ್ಬರ ಸೆರಗನ್ನು ಬೆಂಚಿಗೆ ಗಂಟು ಹಾಕುತ್ತಿದ್ದಾರೆ.

ನನಗೆ ಪಾತ್ರ ಮರೆತು ನಿಜವಾದ ಸಿಟ್ಟು ಬಂತು. “ಗೆಟ್ ಔಟ್!” ಎಂದೆ.

ಹವಾಲ್ದಾರರು ಎದ್ದರು, ಎದೆ ಸೆಟೆಸಿದರು, ಗಿರಕ್ಕನೆ ತಿರುಗಿ ಲೆಫ್ಟ್ ರೈಟ್ ಹಾಕುತ್ತ ಹೊರಗೆ ಹೋದರು. ಪಾಠ ಮುಗಿಯಿತು. ಮುಂದಿನ ತಾಸೂ ಮುಗಿಯಿತು. ಊಟದ ಬಿಡುವಿನಲ್ಲಿ ನೋಡಿದರೆ ಬಾಗಿಲ ಪಕ್ಕ ಹಾಗೇ ನಿಂತಿದ್ದಾರೆ.

“ಒಳಗೆ ಬರಬಾರದೇನ್ರಿ?” ಎಂದೆ ಗಾಬರಿಯಿಂದ.

ಅವರು ಎದುರಿನ ಗೋಡೆ ನೋಡುತ್ತಲೇ ಹೇಳಿದರು: “ಆರ್ಡರ್ ಬಂದಿಲ್ಲ, ಸರ್.”

ಮೇಡಂ ಮೆಚ್ಚಿದ ಅಭಿನಯ

ಆಮೇಲೆ ನನ್ನನ್ನು ನಿಜವಾದ ಮಕ್ಕಳ ಬಳಿ ಕಳಿಸಿದರು. ಪುಣೆಯದೇ ಒಂದು ಕನ್ನಡ ಶಾಲೆ. ಪುಣೆಯಲ್ಲಿ ಕನ್ನಡ ಶಾಲೆಯೇ ಎಂದು ಕೇಳಬೇಡಿ, ಇವೆ. ಭೋಸರಿಯ ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯಲು ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರ ಮಕ್ಕಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಜಗಳದಲ್ಲಿ ಹಿಂದಿ. ಇಂಗ್ಲಿಷಿಗೆ ಜಾಗ ನಾನು ಮಾಡಬೇಕಿತ್ತು.

ನಮ್ಮ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿ ಅಭಿಪ್ರಾಯ ಬರೆಯುತ್ತಿದ್ದರು. ಅವರು ಮರಾಠಿಯವರು, ಕನ್ನಡದ ಒಂದಕ್ಷರ ಬಾರದು. ಈ ಸಂಗತಿ ನನಗಿಂತ ಮೊದಲು ಮಕ್ಕಳಿಗೆ ಗೊತ್ತಾಗಿತ್ತು.

ಒಂದು ದಿನ ಪಾಠದ ನಡುವೆ ಮಾನಿಟರ್ ಹುಡುಗಿ ಕೈ ಎತ್ತಿದಳು. ಬಾಯಿ ಬಹಳ ಜೋರಿನ ಹುಡುಗಿ.

“ಯೆಸ್?”

“ಸರ್, ನಿಮ್ಮ ಪ್ಯಾಂಟಿಗಿ ಖಡೂ ಹತ್ತ್ಯದ್ರಿ.” ಖಡೂ ಅಂದರೆ ಚಾಕ್‌ಪೀಸು, ಇಲ್ಲಿ ಎಲ್ಲರೂ ಹಾಗೇ ಅನ್ನುವುದು. ನಾನು ಬೋರ್ಡಿಗೆ ಒರಗಿದ್ದೆ.

“ವೆರಿ ಗುಡ್, ಸಿಟ್ ಡೌನ್,” ಎಂದು ನಕ್ಕು, ಬೋರ್ಡಿನಲ್ಲಿ ಏನೋ ಬರೆಯುವಂತೆ ಒಂದು ಕೈ ಮಾಡಿ, ಇನ್ನೊಂದು ಕೈಯಿಂದ ಹಿಂದೆ ಝಾಡಿಸಿಕೊಂಡೆ.

“ಅಲ್ಲಲ್ರಿ ಸರ್, ಎಡಕ್ಕ!” ಎಂದ ಒಬ್ಬ.

“ಕೆಳಗ್ರಿ, ಇನ್ನೂ ಕೆಳಗ!” ಎಂದ ಇನ್ನೊಬ್ಬ.

“ಏ, ಈಗ ಮತ್ತ ಭಾಳ ಆತ್ರಿ. ಕೈಯಾಗೂ ಖಡೂ ಅದ ನೋಡ್ರಿ!”

ಇಡೀ ತರಗತಿ ಎದ್ದು ನಿಂತು ದಾರಿ ತೋರಿಸುತ್ತಿತ್ತು. ನಾನು ಎಡಕ್ಕೆ, ಬಲಕ್ಕೆ, ಕೆಳಕ್ಕೆ ತಿರುಗುತ್ತ ಪ್ರತಿಯೊಬ್ಬರಿಗೂ “ಗುಡ್, ಗುಡ್” ಅನ್ನುತ್ತಿದ್ದೆ.

ಪಾಠ ಮುಗಿದ ಮೇಲೆ ಮೇಡಮ್ಮರ ಅಭಿಪ್ರಾಯ ಓದಿದೆ. ಮಕ್ಕಳ ಪ್ರತಿಕ್ರಿಯೆ ಅತ್ಯುತ್ತಮ, ಶಿಕ್ಷಕರ ಅಂಗಾಭಿನಯ ವಿಶೇಷವಾಗಿತ್ತು. ಮುಂದಿನ ವಾರ ಅದೇ ಮೇಡಂ ಬೇಸರದಿಂದ ಕೇಳಿದರು: “ಇವತ್ತು ಯಾಕೆ ಬರೀ ನಿಂತೇ ಬಿಟ್ಟಿರಿ? ಆ ಹಿಂದೆ ಮುಂದೆ ಮಾಡುವುದು ಎಲ್ಲಿ?”

ಒಂಟೆ

ಈಗ ಕೊನೆಯ ಪರೀಕ್ಷೆ. ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು ನಮ್ಮ ಪಾಠ ನೋಡಿ ಅಂಕ ಕೊಡುತ್ತಾರೆ. ನನಗೆ ಬಂದದ್ದು ಒಂಟೆಯ ಪಾಠ.

ಇಲ್ಲಿ ಒಂದು ನಿಯಮ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪಾಠದ ಹೆಸರನ್ನು ಶಿಕ್ಷಕ ತಾನಾಗಿ ಹೇಳುವಂತಿಲ್ಲ. ಮರಳುಗಾಡಿನ ಚಿತ್ರ ತೋರಿಸಬೇಕು, ಪ್ರಶ್ನೆ ಕೇಳಬೇಕು, ‘ಕ್ಯಾಮಲ್’ ಎಂಬ ಮಾತು ಮಕ್ಕಳ ಬಾಯಿಂದಲೇ ಹೊರಡಬೇಕು. ಎಲ್ಲರೂ ಮಾಡುವಂತೆ ನಾನೂ ಹಿಂದಿನ ದಿನ ಅದೇ ಮಕ್ಕಳಿಗೆ ಅದೇ ಪಾಠ ಮಾಡಿ ನೋಡಿದೆ. ಮರಳು ಕಂಡ ಕೂಡಲೇ “ಕ್ಯಾಮಲ್!” ಎಂದು ಛಾವಣಿ ಹಾರುವಂತೆ ಕೂಗಿದರು. ನನಗೆ ಹೆದರಿಕೆಯಾಯಿತು.

“ನಾಳೆ ಹೀಂಗ ಮಾಡಬ್ಯಾಡ್ರಿ,” ಎಂದೆ. “ನಿಮಗ ಮೊದಲೇ ಗೊತ್ತದ ಅಂತ ಆ ಸರ್‌ಗೆ ತಿಳೀತಂದ್ರ ನಾ ಫೇಲ್.”

“ಫೇಲಾದ್ರ ಏನಾಗ್ತದ್ರಿ?” ಎಂದಳು ಮಾನಿಟರ್.

“ನೌಕರಿ ಹೋಗ್ತದ. ಮತ್ತ ಒಂದು ವರ್ಷ ಇದೇ ಕೋರ್ಸ್.”

“ಅಂದ್ರ ಬರೋ ವರ್ಷನೂ ನಮಗೇ ಕಲಸಾಕ ಬರ್ತೀರೇನ್ರಿ?”

“ಬರಬೇಕಾಗ್ತದ.”

ಅವಳು ಹಿಂದೆ ತಿರುಗಿ ಕೂಗಿದಳು: “ಏ, ನಾಳೆ ಒಬ್ಬರೂ ಬಾಯಿ ಬಿಡಬ್ಯಾಡ್ರಿ!”

ಮರುದಿನ ಕೋಟು ತೊಟ್ಟ ಪರೀಕ್ಷಕರು ಬಂದು ಹಿಂದೆ ಕೂತರು. ನಾನು ಮರಳುಗಾಡು ತೋರಿಸಿದೆ. ಇದೇನು? ಗೊತ್ತಿಲ್ಲ. ಇಲ್ಲಿ ಯಾವ ಪ್ರಾಣಿ ಇರುತ್ತದೆ? ಮೌನ. ಬೆನ್ನ ಮೇಲೆ ಡುಬ್ಬ ಯಾವ ಪ್ರಾಣಿಗೆ? ಮೌನ. ಕೊನೆಗೆ ಬೆವರುತ್ತ ಮಾನಿಟರ್‌ಗೆ “ವಾಟ್ ಈಸ್ ಯುವರ್ ನೇಮ್?” ಎಂದೆ. ಅವಳು ಬಹಳ ಹೊತ್ತು ಯೋಚಿಸಿ, ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದಳು. ಮೂಲೆಯ ಹುಡುಗನೊಬ್ಬ “ಕ್ಯಾ...” ಎಂದದ್ದೇ, ಪಕ್ಕದವನು ಅವನ ಬಾಯಿ ಮುಚ್ಚಿದ.

ಪರೀಕ್ಷಕರಿಗೆ ತಡೆಯಲಾಗಲಿಲ್ಲ. “ನೀವು ಕೂತುಕೊಳ್ಳಿ,” ಎಂದು ಮುಂದೆ ಬಂದರು. ನಾನು ಹೋಗಿ ಅವರ ಜಾಗದಲ್ಲಿ ಕೂತೆ. ಅವ್ವ ಹಂಚಿದ ಪೇಢೆಗಳನ್ನು ಹೇಗೆ ವಾಪಸು ಪಡೆಯುವುದು ಎಂದು ಯೋಚಿಸುತ್ತಿದ್ದೆ.

ಅವರು ಪ್ರಶ್ನೆ ಕೇಳಿದರು. ಮೌನ. ಬೋರ್ಡಿನ ಮೇಲೆ ಡುಬ್ಬ ಬರೆದರು. ಮೌನ. ಕೊನೆಗೆ ಬೆನ್ನು ಬಾಗಿಸಿ, ಡಸ್ಟರನ್ನು ಕೋಟಿನೊಳಗೆ ಬೆನ್ನಿಗೆ ತುರುಕಿಕೊಂಡು, ಕುತ್ತಿಗೆ ಮುಂದೆ ಚಾಚಿ, ಕೆಳತುಟಿ ಆಡಿಸುತ್ತ ತರಗತಿಯ ಉದ್ದಕ್ಕೂ ತೂಗಾಡಿ ನಡೆದರು. “ವಾಟ್ ಆಮ್ ಐ?” ಎಂದು ಗಂಭೀರವಾಗಿ ಕೇಳಿದರು.

ಮುಂದಿನ ಬೆಂಚಿನ ಒಬ್ಬನಿಗೆ ಕರುಣೆ ಬಂತೆಂದು ಕಾಣುತ್ತದೆ. ಎದ್ದು ನಿಂತು “ಡಾಂಕಿ!” ಎಂದ.

ತರಗತಿಯಲ್ಲಿ ಬೆಳಕು ಮೂಡಿತು. ತಪ್ಪು ಹೇಳಿದರೆ ಗುಟ್ಟೂ ಉಳಿಯುತ್ತದೆ, ಉತ್ತರವೂ ಕೊಟ್ಟಂತಾಗುತ್ತದೆ!

“ಬಫೆಲೋ!”

“ಮಂಕಿ!”

“ಪಿಗ್, ಸರ್, ಪಿಗ್!”

ಪರೀಕ್ಷಕರು ಪ್ರತಿಯೊಂದಕ್ಕೂ ‘ಅಲ್ಲ’ ಎಂದು ತಲೆ ಅಲ್ಲಾಡಿಸುತ್ತ ಇನ್ನಷ್ಟು ಬಾಗಿದರು. ಅವರ ಬಾಗಿದ ಬೆನ್ನಿನ ಮೇಲೆ ಇಡೀ ಪ್ರಾಣಿಸಂಗ್ರಹಾಲಯ ಬಿತ್ತು. ಕೊನೆಗೆ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ನಿಯಮ ಮರೆತು ಚೀರಿದರು: “ಕ್ಯಾಮಲ್! ಐ ಆಮ್ ಎ ಕ್ಯಾಮಲ್!”

“ಓ... ಕ್ಯಾಮಲ್!” ಎಂದು ತರಗತಿ ಒಂದೇ ದನಿಯಲ್ಲಿ ಬೆರಗಾಯಿತು.

ಗುಟ್ಟು ಒಡೆದ ಮೇಲೆ ತಡೆ ಇಲ್ಲ. ಒಂಟೆ ಏನು ತಿನ್ನುತ್ತದೆ, ಎಷ್ಟು ದಿನ ನೀರಿಲ್ಲದೆ ಇರುತ್ತದೆ, ಕೇಳುವ ಮೊದಲೇ ಉತ್ತರ. ತಮ್ಮ ಹೆಸರೇ ಗೊತ್ತಿರದಿದ್ದ ಮಕ್ಕಳು ಅರ್ಧ ತಾಸಿನಲ್ಲಿ ಹೀಗಾದದ್ದು ನೋಡಿ ಪರೀಕ್ಷಕರ ಕಣ್ಣು ತೇವವಾಯಿತು. ಬೆನ್ನಿನಲ್ಲಿ ಡಸ್ಟರು ಇರುವಂತೆಯೇ ನನ್ನ ಬಳಿ ಬಂದು, “ಹೇಗಿತ್ತು ಪಾಠ?” ಎಂದರು. ನಾನು ಬಾಯಿಪಾಠದಂತೆ “ಮಕ್ಕಳ ಪ್ರತಿಕ್ರಿಯೆ ಅತ್ಯುತ್ತಮ, ಅಂಗಾಭಿನಯ ವಿಶೇಷ,” ಎಂದೆ. ಅವರು ನಾಚಿಕೊಂಡರು.

ಫಲಿತಾಂಶ ಬಂದಾಗ ಇಡೀ ಕಾಲೇಜಿಗೆ ನನ್ನ ಪಾಠಕ್ಕೇ ಹೆಚ್ಚು ಅಂಕ. ಅವು ಅವರು ತಮಗೆ ತಾವೇ ಕೊಟ್ಟುಕೊಂಡ ಅಂಕ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಅದನ್ನು ಸ್ವಲ್ಪ ವಿವರಿಸಬೇಕು. ಅಂಕ ಕೊಡುವಾಗ ಪೀಠಿಕೆಗೆ ಬೇರೆ, ಫಲಕದ ಬರಹಕ್ಕೆ ಬೇರೆ, ಧ್ವನಿಗೆ ಬೇರೆ ಹೀಗೆ ಕೊಡುತ್ತಾರೆ, ಅದರಲ್ಲಿ ಪೀಠಿಕೆ ಅಂದರೆ

ಕ್ಷಮಿಸಿ, ನಮ್ಮ ಶಾಲೆಯ ಗಂಟೆ ಹೊಡೆಯುವ ಸಿಪಾಯಿ, ನಾನು ಇದನ್ನು ಬರೆಯುತ್ತ ಕೂತಿರುವ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಿದ್ದಾನೆ. “ಸರ್, ಲಗೂನ ಬರ್ರಿ. ನಿಮ್ಮ ಕ್ಲಾಸಿನ್ಯಾಗ ಒಂದು ಸಪ್ಪಳ ಇಲ್ಲ, ಏನೋ ಆಗ್ಯದ,” ಅನ್ನುತ್ತಿದ್ದಾನೆ.